ಆಟಿಗೆಂದು ಕಟ್ಟಿಟ್ಟ ಮಾತ್ರೆಗಳು

ಡಾಕ್ಟರುಗಳಿಗೆ ತರಬೇತಿ ಕೊಡಿಸುವ ಹೊಣೆ ಹೊತ್ತ ಆರೋಗ್ಯ ಇಲಾಖೆಯ ಮೇಲಧಿಕಾರಿಗಳಿಗೆ

ಮಾನ್ಯರೇ,

ಗುಣವಾಗುವ ಕಾಯಿಲೆಗೆ ಏನು ಮಾಡಬೇಕೆಂದು ನಮ್ಮ ಊರಿನ ಡಾಕ್ಟರಿಗೆ ಐದೂವರೆ ವರ್ಷ ಕಲಿಸಿದ್ದೀರಿ. ಗುಣವಾಗದ ಕಾಯಿಲೆಗೆ ಏನು ಮಾಡಬೇಕೆಂದು ಒಂದು ಗಂಟೆಯೂ ಕಲಿಸಿಲ್ಲ. ನನ್ನ ದೂರು ಇಷ್ಟೇ. ತಮಗೆ ಅವಸರದ ಕೆಲಸವಿದ್ದರೆ ಓದುವುದನ್ನು ಇಲ್ಲಿಗೇ ನಿಲ್ಲಿಸಿ ಆದೇಶಕ್ಕೆ ಸಹಿ ಹಾಕಬಹುದು. ಕೆಳಗಿನದ್ದೆಲ್ಲ ಸಾಕ್ಷಿ ಮಾತ್ರ.

ಇಂಥ ವಿಷಯವನ್ನು ಪತ್ರಿಕೆಯಲ್ಲಿ ಬರೆದು ಮರ್ಯಾದೆ ತೆಗೆಯುವುದೇಕೆ ಎಂದು ತಾವು ಕೇಳಬಹುದು. ಕಳೆದ ಸೆಪ್ಟೆಂಬರಿನಲ್ಲಿ ಇದನ್ನೇ ತಮಗೆ ಖಾಸಗಿಯಾಗಿ ಬರೆದಿದ್ದೆ. ನನ್ನಲ್ಲಿದ್ದದ್ದು ಜೀಪ್ ಸರ್ವಿಸಿನ ಹೆಸರು ಅಚ್ಚಾದ ಕಾಗದ, ಅದರ ತಲೆಯಲ್ಲಿ ಒಂದು ಜೀಪಿನ ಚಿತ್ರವೂ ಉಂಟು. ನನ್ನ ಬರಹಕ್ಕಿಂತ ಆ ಚಿತ್ರ ಸ್ಪಷ್ಟವಾಗಿದ್ದಿರಬೇಕು. ಮೂರು ತಿಂಗಳ ಬಳಿಕ, ‘ತಮ್ಮ ಅರ್ಜಿಯನ್ನು ಸೂಕ್ತ ಕ್ರಮಕ್ಕಾಗಿ ಸಂಬಂಧಪಟ್ಟ ಇಲಾಖೆಗೆ ಕಳುಹಿಸಲಾಗಿದೆ’ ಎಂಬ ಉತ್ತರ ಬಂತು. ಆ ಸಂಬಂಧಪಟ್ಟ ಇಲಾಖೆ ಯಾವುದೆಂದು ತಿಳಿದದ್ದು ಜನವರಿಯಲ್ಲಿ, ಸಾರಿಗೆಯ ಇನ್ಸ್‌ಪೆಕ್ಟರೊಬ್ಬರು ಕಡಬದ ಪೇಟೆಯಲ್ಲಿ ನನ್ನ ಜೀಪು ನಿಲ್ಲಿಸಿ ಒಳಗಿನ ತಲೆಗಳನ್ನು ಎಣಿಸಿದಾಗ. ಹದಿನೇಳು ಇದ್ದವು. ಅವರ ಎಣಿಕೆಯಲ್ಲಿ ತಪ್ಪಿರಲಿಲ್ಲ. ನನ್ನ ಅರ್ಜಿಯಿಂದ ಸರಕಾರದ ಒಂದು ಇಲಾಖೆಯಾದರೂ ಚುರುಕಾಯಿತಲ್ಲ ಎಂದು ಸಮಾಧಾನಪಟ್ಟೆ. ಈ ಸಲ ಚಿತ್ರವಿಲ್ಲದ ಕಾಗದದಲ್ಲಿ, ಊರಿಗೆಲ್ಲ ಕಾಣುವಂತೆ ಬರೆಯುತ್ತಿದ್ದೇನೆ.

ನಾನು ಡಾಕ್ಟರನಲ್ಲ. ಓದಿದ್ದು ಐದನೆಯ ಕ್ಲಾಸು. ಬಸ್ಸಿನ ಕ್ಲೀನರಾದೆ, ಡ್ರೈವರಾದೆ, ಈಗ ಎರಡು ಜೀಪುಗಳ ಯಜಮಾನ. ಒಂದು ಕೆಟ್ಟ ಅಭ್ಯಾಸ ಉಂಟು, ಎಲ್ಲವನ್ನೂ ಬರೆದಿಡುತ್ತೇನೆ. ಯಾರನ್ನು, ಎಲ್ಲಿಂದ, ಎಲ್ಲಿಗೆ, ಯಾತಕ್ಕೆ ಕರೆದುಕೊಂಡು ಹೋದೆ ಎಂದು ಹನ್ನೊಂದು ವರ್ಷದ ಪುಸ್ತಕಗಳಿವೆ. ಅವುಗಳ ಪ್ರಕಾರ ಕಳೆದ ವರ್ಷದ ಮಾರ್ಚಿನವರೆಗೆ ಕಡಬ, ಪುತ್ತೂರು, ಸುಳ್ಯದ ಕಡೆಯಿಂದ ಮಂಗಳೂರಿನ ಆಸ್ಪತ್ರೆಗಳಿಗೆ ಹೋಗಿ, ‘ಇನ್ನು ಮನೆಗೆ ಕರಕೊಂಡು ಹೋಗಿ’ ಎನ್ನಿಸಿಕೊಂಡು ನನ್ನ ಜೀಪಿನಲ್ಲೇ ಹಿಂದೆ ಬಂದವರು ಅರುವತ್ತಮೂರು ಮಂದಿ. ಹೋಗುವಾಗ ಕೂತಿದ್ದವರು ಬರುವಾಗ ಮಲಗಿರುತ್ತಾರೆ. ಹೋಗುವಾಗ ಮಾತಾಡುತ್ತಿದ್ದ ಮನೆಯವರು ಬರುವಾಗ ಮಾತಾಡುವುದಿಲ್ಲ. ಉಪ್ಪಿನಂಗಡಿ ದಾಟಿದ ಮೇಲೆ ಯಾರಾದರೊಬ್ಬರು ನನ್ನ ಬೆನ್ನಿಗೆ ಕೇಳುತ್ತಾರೆ, “ಇನ್ನು ಎಂತ ಮಾಡುದು?”

ಅವರು ಅದನ್ನು ಆಸ್ಪತ್ರೆಯಲ್ಲಿ ಕೇಳಲಿಲ್ಲವೆಂದಲ್ಲ. ಕೇಳಿದ್ದಾರೆ. ‘ನಿಮ್ಮ ಊರಿನ ಡಾಕ್ಟ್ರು ನೋಡಿಕೊಳ್ತಾರೆ’ ಎಂದು ಉತ್ತರ ಬಂದಿದೆ. ಊರಿಗೆ ಬಂದು ಡಾಕ್ಟರ ಮೇಜಿನ ಮೇಲೆ ಚೀಟಿ ಇಟ್ಟರೆ ಅವರು ಕನ್ನಡಕ ಹಾಕಿ ಓದಿ, “ಮಂಗಳೂರಿನವರು ಎಂತ ಹೇಳಿದ್ರು?” ಎಂದು ಕೇಳುತ್ತಾರೆ. ನಾನು ಮಂಗಳೂರಿನವರನ್ನೂ ದೂರುವುದಿಲ್ಲ, ಊರಿನವರನ್ನೂ ದೂರುವುದಿಲ್ಲ. ಇಬ್ಬರೂ ನಿಜವನ್ನೇ ಹೇಳುತ್ತಿದ್ದಾರೆ. ಆದರೆ ಕಳುಹಿಸಿದವರಿಗೆ ಯಾಕೆ ಕಳುಹಿಸಿದೆವೆಂದು ತಿಳಿಯದ, ತೆಗೆದುಕೊಂಡವರಿಗೆ ಏನು ಮಾಡಬೇಕೆಂದು ತಿಳಿಯದ ಒಂದು ಪಾರ್ಸೆಲನ್ನು ನಾನು ಅರುವತ್ತಮೂರು ಸಲ ಸಾಗಿಸಿದ್ದೇನೆ. ಅಡಿಕೆ ಚೀಲವಾಗಿದ್ದರೆ ಯಾರಾದರೂ ಜಗಳ ಮಾಡುತ್ತಿದ್ದರು.

ಅರುವತ್ತೆರಡು ಮಂದಿಯ ವಿಷಯದಲ್ಲಿ ನಾನೂ ಸುಮ್ಮನಿದ್ದೆ. ಅರುವತ್ತಮೂರನೆಯವಳು ನನ್ನ ಅಕ್ಕ.

ಅಕ್ಕನ ಹೆಸರು ಸೀತು. ತಾಯಿ ಬೇಗ ಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ. ಮೊರ ತೊಡೆಯ ಮೇಲಿಟ್ಟು ಬೀಡಿ ಕಟ್ಟಿ ನನ್ನನ್ನು ಶಾಲೆಗೆ ಕಳುಹಿಸಿದಳು. ಐದರಿಂದ ಮುಂದೆ ಹೋಗದೆ ಇದ್ದದ್ದು ನನ್ನ ಸಾಧನೆ, ಅವಳದಲ್ಲ. ಗಂಡ ಬೋಜ ಭಾವನ ಮನೆ ಕೊಯಿಲದ ಆಚೆ, ಒಂದು ತೋಡಿನ ಅತ್ತ ಕಡೆ. ತೋಡಿಗೆ ಎರಡು ಅಡಿಕೆ ಮರ ಅಡ್ಡ ಹಾಕಿದ ಸಂಕ. ಜೀಪು ಇತ್ತಲೇ ನಿಲ್ಲಬೇಕು. ಕಳೆದ ವರ್ಷ, ಎಂದರೆ ೧೯೮೭ರ ಮಾರ್ಚ್ ಇಪ್ಪತ್ತರಂದು, ಅಕ್ಕನನ್ನು ಮಂಗಳೂರಿನಿಂದ ಮನೆಗೆ ತಂದೆ. ಹೊಟ್ಟೆಯೊಳಗಿನ ಗಡ್ಡೆ ಬೆನ್ನುಮೂಳೆಗೂ ಇಳಿದಿತ್ತು. ಸಂಕ ದಾಟುವಾಗ ಹೊತ್ತುಕೊಳ್ಳುತ್ತೇನೆಂದರೆ ಕೇಳಲಿಲ್ಲ. “ಊರಿನವರು ನೋಡಿದ್ರೆ ಹೆಣ ಬಂತು ಅಂತ ಓಡಿ ಬಂದಾರು” ಎಂದು ತಾನೇ ದಾಟಿದಳು.

ನಮ್ಮ ಡಾಕ್ಟ್ರು ಒಳ್ಳೆಯವರು. ಹೆಸರು ಬರೆಯುವುದಿಲ್ಲ, ಅವರಿಗೆ ತಮ್ಮಿಂದ ಇನ್ನೂ ಬೇರೆ ಕೆಲಸಗಳಾಗಬೇಕಾಗಿರಬಹುದು. ಪ್ರತಿ ಶನಿವಾರ ಮಧ್ಯಾಹ್ನ ಕ್ಲಿನಿಕ್ಕು ಮುಚ್ಚಿ ನನ್ನ ಜೀಪಿನಲ್ಲಿ ಬಂದು, ಚಪ್ಪಲಿ ಕೈಯಲ್ಲಿ ಹಿಡಿದು ಸಂಕ ದಾಟಿ, ಅಕ್ಕನನ್ನು ನೋಡಿ ಹೋಗುತ್ತಿದ್ದರು. ನೋವಿಗೆ ಮಾತ್ರೆ ಕೊಟ್ಟರು. ಪೊಟ್ಟಣದ ಮೇಲೆ ಸ್ವತಃ ಕನ್ನಡದಲ್ಲಿ ಬರೆದರು: ‘ನೋವು ಹೆಚ್ಚಾದರೆ ಮಾತ್ರ ಒಂದು. ದಿನಕ್ಕೆ ಮೂರಕ್ಕಿಂತ ಹೆಚ್ಚು ಬೇಡ.’ ಹತ್ತು ದಿನಕ್ಕೆ ಮೂವತ್ತರಂತೆ ಪೊಟ್ಟಣ ತಲುಪಿಸುವ ಕೆಲಸ ನನ್ನದು. “ಮುಗಿಯಿತಾ ಅಕ್ಕ?” ಎಂದು ಕೇಳುತ್ತಿದ್ದೆ. “ಮುಗಿಯಿತು, ಇಡು ಅಲ್ಲಿ” ಎನ್ನುತ್ತಿದ್ದಳು. ನಾನು ಪುಸ್ತಕದಲ್ಲಿ ತಾರೀಕು ಬರೆಯುತ್ತಿದ್ದೆ. ಹನ್ನೊಂದು ಪೊಟ್ಟಣ, ಮುನ್ನೂರಮೂವತ್ತು ಮಾತ್ರೆ, ಎಲ್ಲ ದಾಖಲಾಗಿದೆ. ಮನೆಯೊಳಗೆ ಹೋದದ್ದನ್ನು ಬರೆದೆ. ಬಾಯೊಳಗೆ ಹೋದದ್ದನ್ನು ನೋಡಬೇಕೆಂದು ಹೊಳೆಯಲಿಲ್ಲ. ಇಷ್ಟು ವರ್ಷ ಪುಸ್ತಕ ಬರೆದವನಿಗೆ ಅರ್ಧ ಪುಟ ಖಾಲಿ ಬಿಟ್ಟದ್ದು ಕಾಣದೆ ಹೋಯಿತು.

ಡಾಕ್ಟ್ರು ಬಂದಾಗ ಅಕ್ಕ ಎದ್ದು ನಿಂತಿರುತ್ತಿದ್ದಳು. ಬಂದವರಿಗೆ ಬೆಲ್ಲ, ನೀರು ತಾನೇ ಕೊಡಬೇಕು. ಅದು ನಮ್ಮ ಕಡೆಯ ಕ್ರಮ, ಯಮ ಬಂದರೂ ಮೊದಲು ಬೆಲ್ಲ ನೀರು.

“ಹೇಗುಂಟು ಸೀತಮ್ಮ?”

“ಅಡ್ಡಿಯಿಲ್ಲ ಡಾಕ್ಟ್ರೆ. ನಿಮಗೆ ಈ ಬಿಸಿಲಲ್ಲಿ ಉಪದ್ರ.”

“ನೋವು?”

“ಉಂಟು ಅಂತ ಹೇಳುವಷ್ಟು ಎಂತ ಇಲ್ಲ. ಕೂತುಕೊಳ್ಳಿ, ಎಳನೀರು ತೆಗೆಸ್ತೇನೆ.”

ಡಾಕ್ಟ್ರು ಸಂತೋಷದಿಂದ ಎಳನೀರು ಕುಡಿದು ಬರುತ್ತಿದ್ದರು. “ನಿಮ್ಮ ಅಕ್ಕ ಗಟ್ಟಿ ಮಾರಾಯ್ರೆ, ಮಾತ್ರೆ ಚೆನ್ನಾಗಿ ಹಿಡಿದಿದೆ” ಎಂದು ಜೀಪಿನಲ್ಲಿ ಹೇಳುತ್ತಿದ್ದರು. ನಾನು ಅದನ್ನೂ ಬರೆದುಕೊಂಡೆ.

ಜೂನ್ ಹದಿನೈದು, ಸೋಮವಾರ. ಭಾವನ ಮನೆಯ ದನ ಎರಡು ದಿನದಿಂದ ಹುಲ್ಲು ಮುಟ್ಟಲಿಲ್ಲವೆಂದು ಹೇಳಿಕಳುಹಿಸಿದ್ದರು. ಕೊಯಿಲದ ಕಡೆಯಿಂದ ದನದ ಡಾಕ್ಟ್ರನ್ನು ಕರೆದುಕೊಂಡು ಹೋದೆ. ಅವರು ಹಟ್ಟಿಯಲ್ಲಿ ದನ ನೋಡಿ, ಮದ್ದು ಕುಡಿಸಿ, ಅಂಗಳದಲ್ಲಿ ಕೈ ತೊಳೆಯುತ್ತ ಜಗಲಿಯ ಕಡೆ ನೋಡುತ್ತಿದ್ದರು. ಅಲ್ಲಿ ಅಕ್ಕ ಮೊರ ಇಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ನೆರೆಮನೆಯ ಪಾತು. ಇಬ್ಬರೂ ಇಪ್ಪತ್ತು ವರ್ಷದಿಂದ ಒಟ್ಟಿಗೆ ಬೀಡಿ ಕಟ್ಟುವವರು.

“ಆ ಅಮ್ಮನಿಗೆ ಎಂತ ಆಗಿದೆ?” ಎಂದು ದನದ ಡಾಕ್ಟ್ರು ಕೇಳಿದರು.

ಕಾಯಿಲೆ ಹೇಳಿದೆ. “ಆದ್ರೆ ನೋವೆಂತ ಇಲ್ಲ ಡಾಕ್ಟ್ರೆ, ಮದ್ದು ನಡೀತಾ ಉಂಟು” ಎಂದೆ.

“ನೋವಿಲ್ಲ ಅಂತ ಯಾರು ಹೇಳಿದ್ದು?”

“ಅವಳೇ.”

“ಅವರು ಕೂತದ್ದು ನೋಡಿ. ಪೂರ್ತಿ ಒಂದು ಬದಿಗೆ. ಎಡಗೈಯಿಂದ ನೆಲ ಒತ್ತಿ ಹಿಡಿದಿದ್ದಾರೆ. ನಾವು ಬಂದು ಅರ್ಧ ಗಂಟೆ ಆಯ್ತು, ಮೊರದಲ್ಲಿ ಒಂದು ಬೀಡಿ ಆಗ್ಲಿಲ್ಲ. ದವಡೆ ನೋಡಿ, ಕಚ್ಚಿ ಹಿಡಿದದ್ದು. ಅವರಿಗೆ ತುಂಬ ನೋವುಂಟು ತ್ಯಾಂಪಣ್ಣ, ನಿಮ್ಮ ದನಕ್ಕಿಂತ ಹೆಚ್ಚು.”

“ನಿಮಗೆ ಹೇಗೆ ಗೊತ್ತು?”

“ನನ್ನ ರೋಗಿಗಳಿಗೆ ಬಾಯಿ ಬರುದಿಲ್ಲ ಮಾರಾಯ್ರೆ. ಹಾಗಾಗಿ ನಮಗೆ ನೋಡ್ಲಿಕ್ಕೆ ಕಲಿಸ್ತಾರೆ.”

ಏನಾದರೂ ಮದ್ದು ಕೊಡುತ್ತೀರಾ ಎಂದು ಕೇಳಿದೆ. ನಾಚಿಕೆ ಇರಲಿಲ್ಲ, ಕೇಳಿದೆ. ಅವರು ಚೀಲದ ಬಾಯಿ ಕಟ್ಟಿ, “ನನಗೆ ದನಕ್ಕೆ ಕೊಡುವ ಅಧಿಕಾರ ಮಾತ್ರ ಉಂಟು. ಅವರನ್ನು ನೋಡ್ಲಿಕ್ಕೆ ಕಾನೂನಿಲ್ಲ, ನೋಡಿ ಆಯ್ತು, ಎಂತ ಮಾಡುದು? ನಿಮ್ಮ ಡಾಕ್ಟ್ರಿಗೆ ಹೇಳಿ” ಎಂದರು.

ಹೇಳಿದೆ. ಆ ಶನಿವಾರ ಜೀಪಿನಲ್ಲಿ ಬರುತ್ತ ನಮ್ಮ ಡಾಕ್ಟ್ರಿಗೆ ಎಲ್ಲ ಹೇಳಿದೆ. ಅವರ ಮುಖ ಕೆಂಪಾಯಿತು. “ದನದ ಡಾಕ್ಟ್ರ ಮಾತು ಕೇಳಿ ನನಗೆ ಬುದ್ಧಿ ಹೇಳ್ತೀರಾ ತ್ಯಾಂಪಣ್ಣ?” ಎಂದರು. ಆದರೂ ಮನೆಗೆ ಹೋದ ಮೇಲೆ ಅಕ್ಕನನ್ನು ಎರಡೆರಡು ಸಲ ಕೇಳಿದರು. ಬೆನ್ನು ಒತ್ತಿ ನೋಡಿದರು. ಅಕ್ಕ ನಕ್ಕು, “ಈಗ ಎಂತ ಇಲ್ಲ ಡಾಕ್ಟ್ರೆ, ದೇವರ ಮೇಲೆ ಆಣೆ” ಎಂದಳು. ಬೆಲ್ಲ ನೀರು ಕೊಟ್ಟಳು. ಡಾಕ್ಟ್ರು ನನ್ನ ಕಡೆ ತಿರುಗಿ ನೋಡಿದರು. ಪರೀಕ್ಷೆಯಲ್ಲಿ ನಾನು ಫೇಲಾಗಿದ್ದೆ, ಐದನೆಯ ಕ್ಲಾಸಿನ ಬಳಿಕ ಎರಡನೆಯ ಸಲ.

ಇಲ್ಲಿ ತಾವು ಘಟ್ಟದ ಮೇಲಿನವರಾದರೆ ಒಂದು ವಿಷಯ ಹೇಳಬೇಕು. ನಮ್ಮ ತುಳು ತಿಂಗಳುಗಳಲ್ಲಿ ಆಟಿ ಎಂದೊಂದು ಉಂಟು, ಜುಲೈ ಅರ್ಧದಿಂದ ಆಗಸ್ಟ್ ಅರ್ಧದವರೆಗೆ. ಕೆಲಸವಿಲ್ಲ, ತರಕಾರಿಯಿಲ್ಲ, ತೋಡು ತುಂಬಿದರೆ ಪೇಟೆಯೂ ಇಲ್ಲ. ಹಾಗಾಗಿ ನಮ್ಮ ಹೆಂಗಸರು ಮಾರ್ಚಿನಿಂದಲೇ ಎಲ್ಲವನ್ನೂ ಆಟಿಗೆಂದು ಇಡುತ್ತಾರೆ. ಹಲಸಿನ ಬೀಜಕ್ಕೆ ಕೆಮ್ಮಣ್ಣು ಸವರಿ ಇಡುತ್ತಾರೆ, ಸೊಳೆಯನ್ನು ಉಪ್ಪಿನಲ್ಲಿ ಹಾಕುತ್ತಾರೆ, ಹಪ್ಪಳ ಒಣಗಿಸಿ ಡಬ್ಬಿ ತುಂಬುತ್ತಾರೆ. ಒಳ್ಳೆಯ ದಿನದಲ್ಲಿ ತಿನ್ನದೆ ಇಡುವವಳು ಜಾಣೆ, ತಿಂದು ಮುಗಿಸುವವಳು ದಂಡ. ಇದು ನಮ್ಮ ಊರಿನ ಅರ್ಥಶಾಸ್ತ್ರ, ಇದರಿಂದಲೇ ನಾವು ಬದುಕಿದ್ದೇವೆ.

ಅಕ್ಕ ಜುಲೈ ಒಂಬತ್ತರ ಗುರುವಾರ ಹೋದಳು. ಆಟಿ ಬರಲು ಎಂಟು ದಿನವಿತ್ತು. ನೀರೂ ಗಂಟಲಿನಲ್ಲಿ ಇಳಿಯದ ಕೊನೆಯ ಎರಡು ದಿನ ಅವಳಿಂದ ಬಂದ ಸ್ವರವನ್ನು ಪತ್ರಿಕೆಯಲ್ಲಿ ಬರೆಯಲು ನನಗೆ ತಿಳಿಯದು. ಸಂಕದ ಇತ್ತ ಕಡೆ, ಜೀಪಿನ ಹತ್ತಿರ ನಿಂತರೂ ಕೇಳುತ್ತಿತ್ತು ಎಂದಷ್ಟೇ ಹೇಳುತ್ತೇನೆ. ದೂರ ನೂರಿಪ್ಪತ್ತು ಹೆಜ್ಜೆ.

ಹದಿಮೂರನೆಯ ದಿನದ ಉತ್ತರಕ್ರಿಯೆ, ನಮ್ಮ ಬೊಜ್ಜ, ಮುಗಿದ ಮರುದಿನ, ಉಳಿದ ಎಲೆ, ಹೊಗೆಸೊಪ್ಪನ್ನು ಬೀಡಿ ಕಂಪೆನಿಯ ಬ್ರಾಂಚಿಗೆ ಹಿಂದೆ ಕೊಡಬೇಕೆಂದು ಭಾವ ಅವಳ ತಗಡಿನ ಡಬ್ಬಿ ಕೆಳಗಿಳಿಸಿದರು. ಎಲೆಯ ಅಡಿಯಲ್ಲಿ ಕಾಗದದ ಚಿಕ್ಕ ಚಿಕ್ಕ ಕಟ್ಟುಗಳು. ಬೀಡಿಯ ನೂಲಿನಿಂದಲೇ ಬಿಗಿದು, ಬೀಡಿಯ ಹಾಗೆಯೇ ಇಪ್ಪತ್ತೈದರ ಒಂದೊಂದು ಕಟ್ಟು. ಬಿಚ್ಚಿದರೆ ಮಾತ್ರೆ. ಹನ್ನೊಂದು ಕಟ್ಟು, ಮೇಲೆ ಬಿಡಿಯಾಗಿ ಏಳು. ಇನ್ನೂರಎಂಬತ್ತೆರಡು.

ಭಾವ ಇನ್ನೊಂದು ಸಲ ಎಣಿಸಿದರು. ನಾನು ಪಾತುವನ್ನು ಕರೆದೆ.

“ಇದೆಂತ ಪಾತು? ನಿನಗೆ ಗೊತ್ತುಂಟಾ?”

“ಗೊತ್ತುಂಟು ಅಣ್ಣ. ನಾನು ಎಷ್ಟು ಬೈದಿದ್ದೇನೆ ಅವರಿಗೆ! ಕೇಳ್ಬೇಕಲ್ಲ? ‘ಚೀಟಿಯಲ್ಲಿ ನೋವು ಹೆಚ್ಚಾದರೆ ಅಂತ ಬರೆದದ್ದಲ್ಲವಾ ಪಾತು? ಇದು ಹೆಚ್ಚಲ್ಲ, ಹೆಚ್ಚಾಗುದು ಇನ್ನು. ಈಗಲೇ ತಿಂದು ಮುಗಿಸಿದ್ರೆ ಆಟಿಯಲ್ಲಿ ಎಂತ ಮಾಡುದು? ಸಂಕ ಹೋದ್ರೆ ತಮ್ಮನ ಜೀಪು ಹಾರಿ ಬರ್ತದಾ?’ ಅಂತ ನನಗೇ ಜೋರು ಮಾಡ್ತಿದ್ರು.”

“ಒಂದೂ ತಿನ್ನಲಿಲ್ಲವಾ ಹಾಗಾದ್ರೆ?”

“ಶನಿವಾರ ತಿಂತಿದ್ರಲ್ಲ. ಮಧ್ಯಾಹ್ನ ಊಟ ಆದ ಕೂಡಲೇ ಎರಡು. ‘ಡಾಕ್ಟ್ರು ಅಷ್ಟು ದೂರದಿಂದ ಬರುವಾಗ ನಾನು ಮಲಗಿದ್ರೆ ತಮ್ಮನಿಗೆ ಮರ್ಯಾದೆಯಾ?’ ಅಂತ. ನೀವು ತೋಡಿನ ಆಚೆ ಹಾರ್ನ್ ಹಾಕುವಾಗ ಎದ್ದು ಸೀರೆ ಸರಿ ಮಾಡಿ ನಿಲ್ತಿದ್ರು.”

ಮಾನ್ಯರೇ, ಈಗ ಲೆಕ್ಕ ನೋಡಿ. ಕೊಟ್ಟದ್ದು ಮುನ್ನೂರಮೂವತ್ತು, ಉಳಿದದ್ದು ಇನ್ನೂರಎಂಬತ್ತೆರಡು, ತಿಂದದ್ದು ನಲುವತ್ತೆಂಟು. ಡಾಕ್ಟ್ರು ಬಂದ ಶನಿವಾರಗಳು ಹದಿನಾರು. ಅದಕ್ಕೆ ಎರಡರಂತೆ ಮೂವತ್ತೆರಡು. ಮಿಕ್ಕ ತೊಂಬತ್ತೈದು ದಿನಗಳಿಗೆ ಹದಿನಾರು ಮಾತ್ರೆ. ಅಂದರೆ ಅವಳ ಮದ್ದಿನ ಮೂರರಲ್ಲಿ ಎರಡು ಪಾಲು ಡಾಕ್ಟರ ಉಪಚಾರಕ್ಕೆ ಖರ್ಚಾಯಿತು. ದನದ ಡಾಕ್ಟ್ರು ದನಕ್ಕೆಂದು ಸೋಮವಾರ ಬಂದದ್ದರಿಂದ ಅವರಿಗೆ ನಿಜ ಕಂಡಿತು. ನಮ್ಮ ಡಾಕ್ಟ್ರು ಹೇಳಿಕೇಳಿ ಶನಿವಾರ ಬಂದದ್ದರಿಂದ ಅವರಿಗೆ ಅವರದೇ ಮಾತ್ರೆ ಕಂಡಿತು. ಆಟಿಗೆಂದು ಇಟ್ಟ ಮಾತ್ರೆಗಳು ಆಟಿಗೆ ಸರಿಯಾಗಿ ಕೈಗೆ ಸಿಕ್ಕಿದವು. ತಿನ್ನುವವಳು ಇರಲಿಲ್ಲ.

ಡಬ್ಬಿಯನ್ನು ಹಾಗೆಯೇ ತೆಗೆದುಕೊಂಡು ಹೋಗಿ ಡಾಕ್ಟ್ರ ಮೇಜಿನ ಮೇಲಿಟ್ಟೆ. ಜಗಳ ಮಾಡಲೆಂದೇ ಹೋಗಿದ್ದೆ. ಅವರು ಒಂದೊಂದೇ ಕಟ್ಟು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟರು. ಹೊರಗೆ ಹತ್ತು ಮಂದಿ ಕಾಯುತ್ತಿದ್ದರು. ಕಂಪೌಂಡರು ಎರಡು ಸಲ ಬಂದು ಇಣುಕಿ ಹೋದರು.

“ನಾನೇ ಬರೆದದ್ದು, ‘ಹೆಚ್ಚಾದರೆ ಮಾತ್ರ’ ಅಂತ” ಎಂದರು ಡಾಕ್ಟ್ರು. “ನಮಗೆ ಹೇಳಿಕೊಟ್ಟದ್ದೇ ಹಾಗೆ ತ್ಯಾಂಪಣ್ಣ. ಅಲ್ಲ, ಹಾಗೂ ಹೇಳಿಕೊಡಲಿಲ್ಲ. ಯಾರೂ ಎಂತದ್ದೂ ಹೇಳಿಕೊಡಲಿಲ್ಲ.”

ಆಮೇಲೆ ಅವರು ಹೇಳಿದ್ದನ್ನು ತಮ್ಮ ಗಮನಕ್ಕೆ ತರುತ್ತೇನೆ. ಕಾಲೇಜಿನಲ್ಲಿ ಅವರು ಇಪ್ಪತ್ತು ಹೆರಿಗೆ ನೋಡಿ ಸಹಿ ಹಾಕಿಸಿಕೊಳ್ಳಬೇಕಿತ್ತಂತೆ, ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುತ್ತಿರಲಿಲ್ಲ. ಒಳ್ಳೆಯದು. ಹೆಣ ಕೊಯ್ಯುವುದನ್ನು ಇಷ್ಟು ಸಲ ನೋಡಬೇಕೆಂದೂ ನಿಯಮವಿತ್ತಂತೆ. ಅದೂ ಒಳ್ಳೆಯದು. ಹುಟ್ಟುವವನ ಹತ್ತಿರ ನಿಲ್ಲಲು ಕಲಿಸಿದಿರಿ, ಸತ್ತವನ ಹತ್ತಿರ ನಿಲ್ಲಲು ಕಲಿಸಿದಿರಿ. ನಡುವೆ ಸಾಯುತ್ತಿರುವವನು ಎಂಬೊಬ್ಬ ಉಂಟಲ್ಲ, ಅವನು ತಮ್ಮ ಪಾಠಪಟ್ಟಿಯಲ್ಲಿ ಯಾವ ಪುಟದಲ್ಲಿದ್ದಾನೆ? ಅವನು ಸತ್ತ ಮೇಲೆ ಬಂದರೆ ಮಾತ್ರ ವಿದ್ಯಾರ್ಥಿಗಳಿಗೆ ಉಪಯೋಗವೇ? ಆ ಬಳಿಕವಾದರೂ ಕಲಿಸಿದ್ದುಂಟೋ ಎಂದು ಕೇಳಿದೆ. ಎರಡು ವರ್ಷದಲ್ಲಿ ಎರಡು ಸಲ ತರಬೇತಿಗೆ ಕರೆ ಬಂದಿತ್ತಂತೆ. ಒಂದು ಸಂತಾನಹರಣಕ್ಕೆ ಜನ ಸೇರಿಸುವ ಬಗ್ಗೆ. ಇನ್ನೊಂದು ಮರಣದ ನಮೂನೆಯನ್ನು ತಪ್ಪಿಲ್ಲದೆ ತುಂಬುವ ಬಗ್ಗೆ. ಅಕ್ಕನ ನಮೂನೆಯಲ್ಲಿ ಒಂದು ತಪ್ಪೂ ಇರಲಿಲ್ಲ ಎಂದು ಪ್ರಮಾಣ ಮಾಡಿ ಹೇಳಬಲ್ಲೆ.

ಡಾಕ್ಟ್ರು ತಮ್ಮ ಓರಗೆಯವರೊಬ್ಬರಿಗೆ ಬೊಂಬಾಯಿಗೆ ಬರೆದರು. ಅವರು ಕ್ಯಾನ್ಸರಿನ ರೋಗಿಗಳ ನಡುವೆಯೇ ಕೆಲಸ ಮಾಡುವವರಂತೆ. ಇಪ್ಪತ್ತು ದಿನದಲ್ಲಿ ಉತ್ತರ ಬಂತು, ಒಂದು ಇನ್‌ಲ್ಯಾಂಡ್ ಲೆಟರು. ಡಾಕ್ಟ್ರು ನನಗೆ ಓದಿ ಹೇಳಿದರು. ನೋವು ಬರುವವರೆಗೆ ಕಾಯಬಾರದು, ಗಡಿಯಾರ ನೋಡಿ ಕೊಡಬೇಕು. ‘ಹೇಗುಂಟು’ ಎಂದು ಕೇಳಿದರೆ ಸಾಲದು, ರಾತ್ರಿ ಎಷ್ಟು ನಿದ್ರೆ ಬಂತು, ಯಾವ ಕೆಲಸ ಮಾಡಲಾಗಲಿಲ್ಲ ಎಂದು ಕೇಳಬೇಕು. ರೋಗಿಯನ್ನು ಕೇಳಿದ ಮೇಲೆ ಹತ್ತಿರ ಕೂರುವವರನ್ನು ಬೇರೆಯಾಗಿ ಕೇಳಬೇಕು. ಮಾತ್ರೆ ಎಣಿಸಬೇಕು. ಮಲಬದ್ಧತೆಗೆ ಮೊದಲೇ ಮದ್ದು ಕೊಡಬೇಕು. ಮಾತ್ರೆ ಸಾಲದಾದರೆ ಮುಂದಿನ ಮೆಟ್ಟಿಲು ಯಾವುದು, ಅದರ ಮುಂದಿನದು ಯಾವುದು. ಕೊನೆಯಲ್ಲಿ ಮನೆಯವರ ಕ್ಷೇಮ ಸಮಾಚಾರವನ್ನೂ ಕೇಳಿದ್ದರು. ಇಷ್ಟಾಗಿಯೂ ಮಡಚುವ ಅಂಚಿನಲ್ಲಿ ಜಾಗ ಉಳಿದಿತ್ತು.

“ಎರಡು ಪುಟ ಮಾರಾಯ್ರೆ” ಎಂದರು ಡಾಕ್ಟ್ರು. “ಎರಡೇ ಪುಟ.”

ಆ ಕಾಗದ ಬಂದ ಬಳಿಕದ ಕಥೆಯನ್ನೂ ಹೇಳದಿದ್ದರೆ ನನ್ನ ಪುಸ್ತಕ ಸುಳ್ಳಾಗುತ್ತದೆ. ಡಿಸೆಂಬರಿನಲ್ಲಿ ಮೀನಿನ ಮೂಸಕುಂಞಿ ಮಂಗಳೂರಿನಿಂದ ಹಿಂದೆ ಬಂದ. ಅಕ್ಕನ ಕಾಯಿಲೆಯೇ, ಜಾಗ ಬೇರೆ. ಡಾಕ್ಟ್ರು ಅದೇ ಮಾತ್ರೆ ಕೊಟ್ಟರು, ಆದರೆ ಈ ಸಲ ಗಡಿಯಾರ ನೋಡಿ ಕೊಡಿಸಿದರು, ವಾರಕ್ಕೊಮ್ಮೆ ಎಣಿಸಿದರು, ಹೇಳದೆ ಕೇಳದೆ ಯಾವ ದಿನವೆಂದರೆ ಆ ದಿನ ಹೋದರು. ಮೂಸಕುಂಞಿ ಉಳಿಯಲಿಲ್ಲ. ಉಳಿಯುತ್ತಾನೆಂದು ಯಾರೂ ಹೇಳಿರಲೂ ಇಲ್ಲ. ಆದರೆ ಸಾಯುವ ಮೂರು ದಿನ ಮೊದಲು ಜಗಲಿಯಲ್ಲಿ ಕೂತು, ತಾನು ಹತ್ತು ವರ್ಷ ನನಗೆ ಹಳಸಿದ ಬಂಗುಡೆ ಕೊಟ್ಟೆನೆಂಬ ಆರೋಪಕ್ಕೆ ಒಂದು ಗಂಟೆ ನನ್ನೊಡನೆ ಜಗಳ ಮಾಡಿದ. ಗೆದ್ದವನು ಅವನೇ. ನನ್ನ ಅಕ್ಕನಿಗೆ ನನ್ನೊಡನೆ ಜಗಳ ಮಾಡಲು ಎಷ್ಟೋ ವಿಷಯಗಳಿದ್ದವು. ಹಲ್ಲು ಕಚ್ಚಿ ಹಿಡಿದವಳು ಜಗಳ ಮಾಡುವುದು ಹೇಗೆ?

ಕೊನೆಯ ಮೆಟ್ಟಿಲಿನ ಮದ್ದಿನ ಬಗ್ಗೆ ಒಂದು ಮಾತು. ಹಾಗೊಂದು ಗಟ್ಟಿ ಮದ್ದು ಉಂಟಂತೆ. ಅಫೀಮಿನ ಜಾತಿಯದ್ದಾದ್ದರಿಂದ ಮೂರು ವರ್ಷದ ಹಿಂದೆ ಬಂದ ಹೊಸ ಕಾನೂನಿನ ಪ್ರಕಾರ ಅದನ್ನು ಇಡಲು ಹಲವು ಲೈಸೆನ್ಸು ಬೇಕಂತೆ. ಕಳ್ಳಸಾಗಣೆಯವರು ಹೆದರಬೇಕೆಂದು ಮಾಡಿದ ಕಾನೂನು, ಹೆದರಿದವರು ಮೆಡಿಕಲ್ ಶಾಪಿನವರು. ಅದು ಬೇರೆ ಇಲಾಖೆಯ ವಿಷಯವೆಂದು ತಾವು ಹೇಳುವ ಮೊದಲೇ ನಾನು ಹೇಳುತ್ತೇನೆ, ಇದು ಬೇರೆ ಇಲಾಖೆಯ ವಿಷಯ. ನನ್ನ ದೂರು ಇಲ್ಲದ ಮದ್ದಿನದ್ದಲ್ಲ. ಇದ್ದ ಮದ್ದು ಬೀಡಿ ಡಬ್ಬಿಯಲ್ಲಿ ಉಳಿಯಿತು, ಅದರದ್ದು.

ಇನ್ನು ಈಗಿನ ವಿಷಯ. ಈ ತಿಂಗಳ ಹನ್ನೊಂದಕ್ಕೆ ಅರಂತೋಡಿನ ಚನಿಯಪ್ಪ ಗೌಡರನ್ನು ಮಂಗಳೂರಿನಿಂದ ಮನೆಗೆ ಬಿಟ್ಟೆ. ಅವರೀಗ ನನ್ನ ಪುಸ್ತಕದಲ್ಲಿ ಅರುವತ್ತೈದನೆಯವರು. ಜೀಪಿನಲ್ಲಿ ಹೆಂಡತಿ ಪೂವಮ್ಮ ಮಾತ್ರೆಯ ಪೊಟ್ಟಣವನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡಿದ್ದರು. ಪೊಟ್ಟಣದ ಮೇಲೆ ಇಂಗ್ಲಿಷಿನಲ್ಲಿ ಅದೇ ಮಾತು, ನೋವಿದ್ದರೆ ಮಾತ್ರ. ಮನೆಗೆ ತಲುಪಿ ಗೌಡರನ್ನು ಇಳಿಸಿದ ಮೇಲೆ ಪೂವಮ್ಮ ಗಂಟು ಬಿಚ್ಚಿ, ಪೊಟ್ಟಣವನ್ನು ಅಟ್ಟದ ಕಡೆಗೆ ಕೈಚಾಚಿ ಇಡುತ್ತಿರುವುದನ್ನು ನೋಡಿದೆ.

“ಅಲ್ಲಿ ಯಾಕೆ ಇಡುದು ಅಮ್ಮ?”

“ಮಳೆಗಾಲ ಅಲ್ಲವಾ? ಇರ್ಲಿ. ಇವರು ತಡ್ಕೊಳ್ತಾರೆ, ಗಟ್ಟಿ ಜೀವ.”

ಗೌಡರು ಮಂಚದಲ್ಲಿ ಒಂದು ಬದಿಗೆ ವಾಲಿ ಮಲಗಿದ್ದರು. ಒಂದು ಕೈ ಮಂಚದ ಕಾಲನ್ನು ಹಿಡಿದಿತ್ತು. ನನಗೂ ಈಗ ನೋಡಲು ಬರುತ್ತದೆ.

ಮರುದಿನ ಅಲ್ಲಿನ ಡಾಕ್ಟ್ರ ಹತ್ತಿರ ಹೋಗಿ, ನಮ್ಮ ಡಾಕ್ಟ್ರಿಂದ ಬರೆಸಿ ತಂದ ಆ ಎರಡು ಪುಟದ ನಕಲು ಕೊಟ್ಟೆ. ಅವರು ಮೇಲಿನಿಂದ ಕೆಳಗೆ ನನ್ನನ್ನು ನೋಡಿ, “ನೀವು ಯಾವ ಕಾಲೇಜು?” ಎಂದು ಕೇಳಿದರು. ತಪ್ಪು ಪ್ರಶ್ನೆಯಲ್ಲ. ಜೀಪಿನವನು ಮದ್ದಿನ ವಿಷಯ ಹೇಳಲು ಬಂದರೆ ನಾನಾದರೂ ಹಾಗೆಯೇ ಕೇಳುತ್ತಿದ್ದೆ. ಕಾಗದವನ್ನು ಡ್ರಾಯರಿಗೆ ಹಾಕಿದರು. ಓದಿದರೋ ಇಲ್ಲವೋ ತಿಳಿಯದು. ಅದರ ತಲೆಯಲ್ಲಿ ತಮ್ಮ ಮೊಹರು ಇದ್ದಿದ್ದರೆ ನಿಂತಲ್ಲೇ ಓದುತ್ತಿದ್ದರು. ಎರಡು ಪುಟಕ್ಕೆ ನಾನು ತಮ್ಮ ಬಾಗಿಲು ಬಡಿಯುತ್ತಿರುವುದು ಇದಕ್ಕೇ. ವಿದ್ಯೆ ಬೊಂಬಾಯಿಯಿಂದ ಅಂಚೆಯಲ್ಲಿ ಬರುತ್ತದೆ, ಮೊಹರು ತಮ್ಮಲ್ಲಿ ಮಾತ್ರ ಉಂಟು.

ಆದ್ದರಿಂದ ನನ್ನ ಬೇಡಿಕೆ. ಪುತ್ತೂರಿನಲ್ಲಿ ಯಾವುದಾದರೊಂದು ಶಾಲೆಯ ಕೋಣೆ, ಒಂದು ಕರಿಹಲಗೆ, ಎರಡು ಭಾನುವಾರ. ಪುತ್ತೂರು, ಸುಳ್ಯ, ಕಡಬದ ಕಡೆಯ ಖಾಸಗಿ, ಸರಕಾರಿ ಡಾಕ್ಟರುಗಳನ್ನೆಲ್ಲ ಕರೆಯಿರಿ. ಈ ಕೆಲಸ ಬಲ್ಲವರೊಬ್ಬರನ್ನು ಕರೆಸಿ ಹೇಳಿಕೊಡಿಸಿ. ಕಟ್ಟಡ ಬೇಡ, ಯಂತ್ರ ಬೇಡ, ಶಿಲಾನ್ಯಾಸ ಬೇಡ. ಡಾಕ್ಟರುಗಳನ್ನು ಕರೆತಂದು ಬಿಡಲು ನನ್ನ ಎರಡೂ ಜೀಪುಗಳಿವೆ, ಹದಿನೇಳು ಮಂದಿಯನ್ನು ಹಾಕುವುದಿಲ್ಲವೆಂದು ಬರೆದುಕೊಡುತ್ತೇನೆ. ಸಾಧ್ಯವಾದರೆ ದನದ ಡಾಕ್ಟ್ರನ್ನೂ ಒಂದು ಗಂಟೆ ಮಾತಾಡಿಸಿ. ಯಾರಿಗಾದರೂ ಅವಮಾನವಾದರೆ ನಮ್ಮ ಡಾಕ್ಟ್ರು ಎದ್ದು ನಿಂತು ಸಮಾಧಾನ ಹೇಳುತ್ತಾರೆ. ಅವರ ಮೇಜಿನ ಡ್ರಾಯರಿನಲ್ಲಿ ಅಕ್ಕನ ಒಂದು ಕಟ್ಟು ಇನ್ನೂ ಉಂಟು. ನೂಲು ಬಿಚ್ಚಿಲ್ಲ. ಚೀಟಿ ಬರೆಯುವ ಮೊದಲು ಅದನ್ನೊಮ್ಮೆ ನೋಡುತ್ತಾರೆಂದು ಕಂಪೌಂಡರು ಹೇಳಿದರು.

ಅಲ್ಲಿಯವರೆಗೆ ನಾನೊಂದು ಅಪರಾಧ ಮಾಡಿದ್ದೇನೆ, ಅದನ್ನೂ ಒಪ್ಪಿಕೊಳ್ಳುತ್ತೇನೆ. ಪೂವಮ್ಮನ ಮನೆಯಲ್ಲಿ ಗಡಿಯಾರವಿಲ್ಲ. ಆದರೆ ಮಡಿಕೇರಿ ರಸ್ತೆ ಅಂಗಳದ ಕೆಳಗೇ ಉಂಟು. ನಮ್ಮ ಡಾಕ್ಟ್ರನ್ನು ಕೇಳಿಕೊಂಡು ಮತ್ತೆ ಅಲ್ಲಿಗೆ ಹೋಗಿ, ಬೆಳಗಿನ ಮೊದಲ ಬಸ್ಸು ಹಾರ್ನ್ ಹಾಕುವಾಗ ಒಂದು, ಎರಡು ಗಂಟೆಯ ಬಸ್ಸಿಗೆ ಒಂದು, ರಾತ್ರಿಯ ಕೊನೆಯ ಬಸ್ಸಿಗೆ ಒಂದು, ಗೌಡರು ಬೇಡವೆಂದರೂ ಕೊಡಿ, ಆಟಿಗೆ ಇಡಬೇಡಿ ಎಂದು ಹೇಳಿ ಬಂದಿದ್ದೇನೆ. ಪೊಟ್ಟಣ ಮುಗಿದರೆ ನಾನು ತರುತ್ತೇನೆ, ಜೀಪು ಹಾರಿಯಾದರೂ ಬರುತ್ತದೆ ಎಂದಿದ್ದೇನೆ. ಇದು ನನ್ನ ಕೆಲಸವಲ್ಲ. ತಮ್ಮ ಕೆಲಸ. ಬಸ್ಸು ಕೆಟ್ಟ ದಿನ ಗೌಡರ ಗತಿಯೇನು ಎಂದು ನನಗೆ ನಿದ್ರೆ ಬರುವುದಿಲ್ಲ. ತಮಗೆ ಬರುತ್ತಿದ್ದರೆ ಅದಕ್ಕೆ ಯಾವ ಮದ್ದು ಎಂದು ತಿಳಿಸಬೇಕು.

ಇವತ್ತು ಜೂನ್ ಇಪ್ಪತ್ತು. ಆಟಿಗೆ ಇನ್ನು ನಾಲ್ಕು ವಾರವಿಲ್ಲ. ತಮ್ಮ ಕಚೇರಿಯಲ್ಲಿಯೂ ಕಾಗದಗಳನ್ನು ಕಟ್ಟು ಕಟ್ಟಾಗಿ ನೂಲಿನಿಂದ ಬಿಗಿದು, ಮುಂದೆ ಬೇಕಾದೀತೆಂದು ಮೇಲೆ ಇಡುವ ಕ್ರಮ ಉಂಟೆಂದು ಕೇಳಿದ್ದೇನೆ. ಹಾಗೆ ಇಡುವುದರಲ್ಲಿ ನನ್ನ ಅಕ್ಕನಿಗಿಂತ ಅಚ್ಚುಕಟ್ಟು ಯಾರಿಗೂ ಇರಲಿಲ್ಲ. ಅವಳದ್ದು ಹೇಗೆ ಮುಗಿಯಿತೆಂದು ತಾವು ಓದಿದ್ದೀರಿ. ದಯವಿಟ್ಟು ಇದನ್ನು ಕಟ್ಟಿ ಇಡಬೇಡಿ.

ಇಂತಿ,
ಮಾತ್ರೆ ಹೊತ್ತು ತಂದು, ಎಣಿಸಲು ಮರೆತ ತಮ್ಮ
ತ್ಯಾಂಪಣ್ಣ
ಜೀಪ್ ಸರ್ವಿಸ್, ಕಡಬ
೨೦-೬-೧೯೮೮